ಬಯಲ ಬರಹವೂ ಕನ್ನಡದ ಕಾಗುಣಿತವೂ

೧

ಬ್ಯಾಂಕಿನ ಮೇಜಿನ ಹಿಂದೆ ಇಪ್ಪತ್ತು ವರ್ಷ ಕುಳಿತವನ ಕಣ್ಣಿಗೆ ಒಂದು ಸಣ್ಣ ಸಂಗತಿ ಬೀಳದೆ ಇರದು. ವಯಸ್ಸಾದ ಖಾತೆದಾರರು ಸಹಿ ಹಾಕುವುದಕ್ಕೆ ಮೊದಲು ಲೇಖನಿಯ ಮೊನೆಯನ್ನು ಕಾಗದಕ್ಕೆ ತಾಗಿಸದೆ, ಅದರ ಮೇಲೆ ಒಂದೆರಡು ಸಲ ಗಾಳಿಯಲ್ಲಿಯೇ ಸುತ್ತಿಸುತ್ತಾರೆ. ಕೈ ತನ್ನ ದಾರಿಯನ್ನು ಜ್ಞಾಪಿಸಿಕೊಂಡ ಮೇಲೆ ಲೇಖನಿ ಕೆಳಗಿಳಿಯುತ್ತದೆ. ಸಹಿ ಒಂದೇ ಓಟದಲ್ಲಿ ಮುಗಿಯುತ್ತದೆ. ಅದನ್ನು ಮಾದರಿ ಸಹಿಯೊಡನೆ ಹೋಲಿಸುವ ನಾವೂ ಅಕ್ಷರಗಳನ್ನು ಓದುವುದಿಲ್ಲ. ಕೈ ಎಲ್ಲಿ ಏರಿತು, ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ನೋಡುತ್ತೇವೆ. ಬರಹವು ಕಾಗದದ ಮೇಲಿನ ಗುರುತಾಗುವುದಕ್ಕೆ ಮುಂಚೆ ಕೈಯ ಒಂದು ಚಲನೆಯಾಗಿರುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಈ ಚಲನೆಯನ್ನೇ, ಕಾಗದವಿಲ್ಲದೆ, ಕೀಲಿಮಣೆಯೂ ಇಲ್ಲದೆ, ಯಂತ್ರವು ಗ್ರಹಿಸಿ ಅಕ್ಷರವಾಗಿಸುವ ಪ್ರಯತ್ನಗಳು ಕಳೆದ ಹದಿನೈದಿಪ್ಪತ್ತು ವರ್ಷಗಳಿಂದ ನಡೆದುಬಂದಿವೆ. ಕೈಯನ್ನು ಬಯಲಿನಲ್ಲಿ ಆಡಿಸಿ ಬರೆಯುವ ಈ ಕ್ರಮವನ್ನು ಪ್ರಕೃತ ಲೇಖನದಲ್ಲಿ ‘ಬಯಲ ಬರಹ’ವೆಂದು ಕರೆದಿದ್ದೇನೆ. ನಿಲ್ಲದ ಮಾತಿಗೆ ನೀರ ಮೇಲಿನ ಬರಹವೆಂದು ಹೇಳುವ ವಾಡಿಕೆ ನಮ್ಮದು. ಈಗ ಗಾಳಿಯ ಮೇಲಿನ ಬರಹವೂ ನಿಲ್ಲತೊಡಗಿದೆ. ಈ ಬರಹದ ವಿಷಯದಲ್ಲಿ ಇಂಜಿನಿಯರುಗಳು ಹೇಳಬೇಕಾದುದನ್ನು ಹೇಳಿದ್ದಾರೆ, ಇನ್ನೂ ಹೇಳುತ್ತಾರೆ. ನನ್ನ ಉದ್ದೇಶ ಅದಲ್ಲ. ಇಂಥ ಬರಹದ ಕ್ರಮಗಳನ್ನು ಕನ್ನಡ ಅಕ್ಷರದ ಸ್ವಭಾವದ ಮುಂದಿಟ್ಟು ಬೆಲೆ ಕಟ್ಟುವುದಷ್ಟೇ ಇಲ್ಲಿಯ ಕೆಲಸ.

ಹೊರನಾಡಿನಲ್ಲಿರುವ ನಮಗೆ ಈ ವಿಚಾರ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ನಮ್ಮ ಮನೆಯದೇ ಒಂದು ನಿದರ್ಶನವಿದೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ಸೋದರಳಿಯ ಮನೆಯಲ್ಲಿ ಕುಂದಾಪುರದ ಕನ್ನಡವನ್ನು ತಡವರಿಸದೆ ಆಡುತ್ತಾನೆ. ಬರೆಯುವಾಗ ಮಾತ್ರ ರೋಮನ್ ಲಿಪಿಯೇ ಗತಿ. ರಜೆಗೆ ಮುಂಚೆ ಅಜ್ಜಿಗೆ ಫೋನಿನಲ್ಲಿ ಒಂದು ಸಂದೇಶ ಕಳುಹಿದ: ‘ಈ ಸಲ ಹಳ್ಳಿ ನೋಡಬೇಕು’ ಎಂದು. ಅಜ್ಜಿಗೆ ರೋಮನ್ ಲಿಪಿ ಬಾರದು. ನೆರೆಮನೆಯ ಶಾಲಾ ಬಾಲಕ ಅದನ್ನು ‘ಹಲ್ಲಿ ನೋಡಬೇಕು’ ಎಂದು ಓದಿ ಹೇಳಿದ. “ಹಲ್ಲಿ ಕಾಂಬುಕೆ ಇಲ್ಲಿ ತನಕ ಬರ್ಕಾ ಮಗಾ? ಬೊಂಬಾಯಂಗೆ ಇಲ್ಯಾ?” ಎಂದು ಅಜ್ಜಿ ಫೋನಿನಲ್ಲಿ ಕೇಳಿದಾಗ ಮನೆಯವರೆಲ್ಲ ನಕ್ಕರು. ನಗೆ ಮುಗಿದ ಮೇಲೆ ಆಕೆ ಹೇಳಿದ ಮಾತು ಬೇರೆ: ನಾಲ್ಕನೆಯ ತರಗತಿಯವರೆಗೆ ಓದಿದ ತನಗೆ ಕನ್ನಡ ಅಕ್ಷರ ಕಾಣಿಸುತ್ತದೆ, ಮೊಮ್ಮಗ ಬರೆದುದನ್ನು ಇನ್ನೊಬ್ಬರ ಕೈಲಿ ಏಕೆ ಓದಿಸಬೇಕು?

ರೋಮನ್ ಲಿಪಿಯಲ್ಲಿ ‘ಅಣ್ಣ’ನೂ ‘ಅನ್ನ’ವೂ ಒಂದೇ, ‘ಬಳೆ’ಯೂ ‘ಬಲೆ’ಯೂ ಒಂದೇ, ‘ಹಾಲು’ ‘ಹಾಳು’ಗಳೂ ಒಂದೇ. ಆಡುವ ಭಾಷೆ ಉಳಿದು ಬರೆಯುವ ಲಿಪಿ ಜಾರಿಹೋಗುವ ಸ್ಥಿತಿ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿದೆ. ಹಿಂದೆ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತರು. ಇಂದಿನ ಹುಡುಗರಿಗೆ ಅಕ್ಷರವು ಸಿಕ್ಕುವುದಾದರೆ ಫೋನಿನಲ್ಲಿ ಸಿಕ್ಕಬೇಕು. ನಾಳೆ ಫೋನಿನ ಬದಲು ಕನ್ನಡಕವೋ ಕೈಪಟ್ಟಿಯೋ ಬಂದರೆ ಅಲ್ಲಿ ಸಿಕ್ಕಬೇಕು. ಬರೆಯುವ ಸಾಧನವನ್ನು ಯಾರು ಯಾವ ಲಿಪಿಯನ್ನು ಮನಸ್ಸಿನಲ್ಲಿಟ್ಟು ರಚಿಸುತ್ತಾರೆಂಬುದು ಆದಕಾರಣ ನಮಗೆ ಪರರ ವಿಚಾರವಲ್ಲ.

೨

ಮೊದಲು ಈವರೆಗೆ ಆಗಿರುವುದನ್ನು ಸಂಕ್ಷೇಪವಾಗಿ ನೋಡಬಹುದು. ಈ ಕಥೆಯ ಒಂದು ಎಳೆ ನಮ್ಮ ಪವಾಯಿಯಿಂದಲೇ ಹೊರಡುತ್ತದೆ. ಅಲ್ಲಿಯ ಐ.ಐ.ಟಿ.ಯ ಔದ್ಯೋಗಿಕ ವಿನ್ಯಾಸ ಕೇಂದ್ರದಲ್ಲಿ ಓದಿದ ಪ್ರಣವ್ ಮಿಸ್ತ್ರಿ ಎಂಬ ತರುಣರು ಮುಂದೆ ಅಮೆರಿಕದ ಎಂ.ಐ.ಟಿ.ಗೆ ಹೋಗಿ ‘ಸಿಕ್ಸ್ತ್ ಸೆನ್ಸ್’ ಎಂಬ ಉಪಕರಣವನ್ನು ರಚಿಸಿದರು. ೨೦೦೯ರ ನವಂಬರಿನಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ಅದನ್ನು ಸಭೆಗೆ ತೋರಿಸಿದರು. ಬೆರಳ ತುದಿಗಳಿಗೆ ಬಣ್ಣದ ಪಟ್ಟಿ. ಕೊರಳಲ್ಲಿ ಒಂದು ಪುಟ್ಟ ಕ್ಯಾಮರಾ ಮತ್ತು ಬಿಂಬ ಬೀರುವ ಯಂತ್ರ. ಅಂಗೈಯ ಮೇಲೆ ಅಂಕೆಗಳು ಮೂಡುತ್ತಿದ್ದವು, ಅವನ್ನು ಮುಟ್ಟಿ ಫೋನು ಮಾಡಬಹುದಾಗಿತ್ತು. ಎರಡು ಕೈಗಳ ಬೆರಳಿನಿಂದ ಗಾಳಿಯಲ್ಲಿ ಚೌಕಟ್ಟು ಮಾಡಿದರೆ ಚಿತ್ರ ತೆಗೆಯಬಹುದಾಗಿತ್ತು.

ಅನಂತರ ಮೈಕ್ರೋಸಾಫ್ಟಿನ ಕಿನೆಕ್ಟ್ (೨೦೧೦) ಮೈಯೆಲ್ಲದರ ಚಲನೆಯನ್ನೂ, ಲೀಪ್ ಮೋಷನ್ (೨೦೧೩) ಬೆರಳುಗಳ ಚಲನೆಯನ್ನೂ ಗುರುತಿಸಿದವು. ೨೦೧೪ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ‘ವಲ್ಚರ್’ ಎಂಬ ಕ್ರಮವನ್ನು ಪ್ರಕಟಿಸಿದರು. ಎದುರಿನ ತೆರೆಯ ಮೇಲಿನ ಇಂಗ್ಲಿಷ್ ಕೀಲಿಮಣೆಯ ಅಕ್ಷರದಿಂದ ಅಕ್ಷರಕ್ಕೆ ಗಾಳಿಯಲ್ಲಿ ಕೈಯನ್ನು ಹಾಯಿಸಿ ಒಂದು ಪದವನ್ನು ಒಂದೇ ಗೆರೆಯಾಗಿ ಎಳೆಯುವುದು ಇದರ ರೀತಿ. ಹತ್ತು ಸಲದ ಅಭ್ಯಾಸದ ಕೊನೆಗೆ ನಿಮಿಷಕ್ಕೆ ೨೦.೬ ಪದಗಳ ವೇಗ ದೊರಕಿತೆಂದು ಅವರು ವರದಿ ಮಾಡಿದರು. ೨೦೨೪ರಲ್ಲಿ ಬಂದ ಆಪಲ್ ಕಂಪನಿಯ ವಿಷನ್ ಪ್ರೊ ಎಂಬ ಶಿರೋಯಂತ್ರವನ್ನು ಧರಿಸಿದವರು ಕಣ್ಣೆದುರು ತೇಲುವ ಕೀಲಿಮಣೆಯನ್ನು ಬರಿಗೈಯಿಂದ ಕುಟ್ಟಬಹುದು. ೨೦೨೫ರಲ್ಲಿ ಮೆಟಾ ಕಂಪನಿಯ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕ್ರಮವು ಇನ್ನೂ ಒಂದು ಹೆಜ್ಜೆ ಮುಂದಿನದು: ಮಣಿಕಟ್ಟಿಗೆ ಕಟ್ಟಿದ ಪಟ್ಟಿಯೊಂದು ಸ್ನಾಯುಗಳ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸಿ, ಲೇಖನಿಯಿಲ್ಲದೆ ಬೆರಳು ಬರೆದ ಅಕ್ಷರವನ್ನು ತಿಳಿಯುತ್ತದೆ. ಅದರಲ್ಲಿ ದೊರೆತ ವೇಗ ನಿಮಿಷಕ್ಕೆ ೨೦.೯ ಪದ.

ಇವೆಲ್ಲವನ್ನೂ ಒಟ್ಟಾಗಿ ನೋಡಿದಾಗ ಎರಡು ದೋಷಗಳು ಎದ್ದುಕಾಣುತ್ತವೆ. ಮೊದಲನೆಯದು ಆಯಾಸ. ತೋಳನ್ನು ಆಧಾರವಿಲ್ಲದೆ ಎತ್ತಿಹಿಡಿದು ಕೆಲವು ನಿಮಿಷ ಕೆಲಸ ಮಾಡಿದರೆ ಭುಜ ಸೋಲುತ್ತದೆ. ಇಂಜಿನಿಯರುಗಳು ಇದಕ್ಕೆ ‘ಗೊರಿಲ್ಲಾ ತೋಳು’ ಎಂದು ಹೆಸರಿಟ್ಟಿದ್ದಾರೆ. ಚರ್ಚ್‌ಗೇಟಿನಿಂದ ವಿರಾರಿಗೆ ಹೋಗುವ ಸಂಜೆಯ ಗಾಡಿಯಲ್ಲಿ ನಿಂತವನಿಗಂತೂ ತೋಳನ್ನು ಚಾಚುವ ಅವಕಾಶವೇ ಇಲ್ಲ. ಎರಡನೆಯದು ಸ್ಪರ್ಶದ ಅಭಾವ. ಕಾಗದವು ಲೇಖನಿಗೆ, ಕೀಲಿಯು ಬೆರಳಿಗೆ ಒಂದು ಮರುನುಡಿಯನ್ನು ಕೊಡುತ್ತದೆ. ಬರೆಯುವುದು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದು ಕೈಗೆ ತಿಳಿಯುತ್ತದೆ. ಬಯಲು ಏನನ್ನೂ ಹೇಳುವುದಿಲ್ಲ. ಮೂಗು ತುರಿಸಿಕೊಳ್ಳಲು ಎತ್ತಿದ ಕೈಯೂ ಬರೆಯಲು ಎತ್ತಿದ ಕೈಯೂ ಕ್ಯಾಮರಾಕ್ಕೆ ಒಂದೇ ಆಗಿ ಕಾಣಬಹುದು. ಕೋಪನ್‌ಹೇಗನ್ನಿನವರು ಈ ತೊಡಕನ್ನು ಬಿಡಿಸಿಕೊಂಡ ರೀತಿ ಗಮನಾರ್ಹವಾದುದು: ಹೆಬ್ಬೆರಳು ತೋರುಬೆರಳುಗಳನ್ನು ಚಿವುಟುವಂತೆ ಕೂಡಿಸಿದಾಗ ಪದದ ಆರಂಭ, ಬಿಟ್ಟಾಗ ಮುಕ್ತಾಯ. ಬಯಲ ಬರಹದ ಒಳಗೂ ಸ್ಪರ್ಶವನ್ನು ತರದೆ ಗತಿಯಿರಲಿಲ್ಲ.

ಇದು ನಮ್ಮವರಿಗೆ ತಿಳಿಯದ ಸಂಗತಿಯಲ್ಲ. ಕರ್ಣಾಟಕ ಸಂಗೀತದಲ್ಲಿ ತಾಳ ಹಾಕುವ ಕೈಯನ್ನು ನೋಡಿರಿ. ಆದಿತಾಳದ ಎಂಟು ಎಣಿಕೆಗಳಲ್ಲಿ ಲಘುವಿಗೆ ಒಂದು ಪೆಟ್ಟು ಮತ್ತು ಮೂರು ಬೆರಳೆಣಿಕೆ. ಎರಡು ದ್ರುತಗಳಿಗೆ ಒಂದೊಂದು ಪೆಟ್ಟು, ಒಂದೊಂದು ಬೀಸು. ಬೀಸು ಬಯಲಿನದು, ಆದರೆ ಅದು ಎರಡು ಸ್ಪರ್ಶಗಳ ನಡುವೆ ಮಾತ್ರ ಬರುತ್ತದೆ. ಬರಿಯ ಬೀಸುಗಳಿಂದ ತಾಳ ನಿಲ್ಲದು.

ಮುಂಬಯಿಯಲ್ಲಿಯೂ ಕೈಸನ್ನೆಯ ಲಿಪಿಯೊಂದು ಬಹುಕಾಲ ಬಳಕೆಯಲ್ಲಿತ್ತು. ೧೯೯೫ರ ಮಾರ್ಚಿಯಲ್ಲಿ ‘ಬೋಲ್ಟ್’ ಎಂಬ ಗಣಕ ವ್ಯವಸ್ಥೆ ಬರುವ ತನಕ ಮುಂಬಯಿ ಷೇರುಪೇಟೆಯ ದಲಾಲರು ವ್ಯವಹಾರದ ಅಂಗಳದಲ್ಲಿ ನಿಂತು ಕೂಗಿನಿಂದಲೂ ಕೈಸನ್ನೆಯಿಂದಲೂ ಕೊಂಡು ಮಾರುತ್ತಿದ್ದರು. ಊರಿನ ದನಗಳ ಜಾತ್ರೆಯಲ್ಲಿಯೂ ಬೆರಳೇ ಬೆಲೆಯನ್ನು ಹೇಳುತ್ತದೆ. ಆದರೆ ಅಲ್ಲಿ ದಲ್ಲಾಳಿಯು ವಲ್ಲಿಯ ಮರೆಯಲ್ಲಿ ಎದುರಿನವನ ಬೆರಳನ್ನು ಹಿಡಿದು ತಿಳಿಸುತ್ತಾನೆ. ಒಂದು ಎಲ್ಲರಿಗೂ ಕಾಣುವ ಸನ್ನೆ, ಇನ್ನೊಂದು ಮುಟ್ಟಿದವನಿಗೆ ಮಾತ್ರ ತಿಳಿಯುವ ಸನ್ನೆ. ಷೇರುಪೇಟೆಗೆ ಮೊದಲನೆಯದು ಸರಿ. ಸ್ವಂತ ಪತ್ರವನ್ನು ಬರೆಯುವವನಿಗೂ ಬ್ಯಾಂಕಿನ ಗುಪ್ತಾಂಕವನ್ನು ಒತ್ತುವವನಿಗೂ ಎರಡನೆಯದೇ ಬೇಕು.

೩

ಇಷ್ಟು ದೋಷಗಳು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡಕ್ಕೆ ವಿಶಿಷ್ಟವಾದ ದೋಷ ಬೇರೊಂದಿದೆ. ಅದು ಇನ್ನೂ ಆಳವಾದದ್ದು. ಮೇಲೆ ಹೇಳಿದ ಕೀಲಿಮಣೆಗಳೆಲ್ಲ ಅಕ್ಷರವನ್ನು ಒಂದು ಸ್ಥಳವೆಂದು ಭಾವಿಸುತ್ತವೆ. ಇಪ್ಪತ್ತಾರು ಅಕ್ಷರಗಳಿಗೆ ಇಪ್ಪತ್ತಾರು ಮನೆಗಳು. ಬೆರಳು ಮನೆಯಿಂದ ಮನೆಗೆ ಹೋಗಿಬಂದರೆ ಪದವಾಯಿತು. ಇಂಗ್ಲಿಷಿನ ಮಟ್ಟಿಗೆ ಇದು ಯುಕ್ತವಾದ ಭಾವನೆ.

ಕನ್ನಡದ ಅಕ್ಷರವಾದರೋ ಸ್ಥಳವಲ್ಲ, ಒಂದು ಸಂಯೋಗ. ವರ್ಣಮಾಲೆಯಲ್ಲಿರುವುದು ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ, ಒಟ್ಟು ನಲವತ್ತೊಂಬತ್ತು. ಆದರೆ ಕಾಗುಣಿತದಿಂದ ಆಗುವ ರೂಪಗಳು ೩೪ ಗುಣಿಸು ೧೩, ಅಂದರೆ ೪೪೨. ಎರಡು ವ್ಯಂಜನಗಳು ಕೂಡುವ ಒತ್ತಕ್ಷರಗಳನ್ನು ಲೆಕ್ಕಕ್ಕೆ ಹಿಡಿದರೆ ಸಾಧ್ಯವಾದ ರೂಪಗಳು ೧೫,೦೨೮. ಇವುಗಳಲ್ಲಿ ಬಹುಭಾಗ ಬಳಕೆಯಲ್ಲಿಲ್ಲವೆಂಬುದು ನಿಜ. ಆದರೂ ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ದೀರ್ಘ ಸ್ವರವೂ ಇವೆಯೆಂಬುದನ್ನು ಮರೆಯಲಾಗದು. ಯಾವ ಮಣೆಯೂ ಇಷ್ಟು ಮನೆಗಳನ್ನು ಹೊರಲಾರದು. ಕನ್ನಡವನ್ನು ಬರೆಯುವ ಕೈ ಮನೆಗಳನ್ನು ಹುಡುಕಬೇಕಾದುದಲ್ಲ; ಅಂಗಗಳನ್ನು ಕೂಡಿಸಬೇಕಾದುದು.

ಈ ತತ್ತ್ವವನ್ನು ಗಣಕಯಂತ್ರದ ಕೀಲಿಮಣೆಗೆ ತಂದವರು ಕಿನ್ನಿಕಂಬಳದ ಪದ್ಮನಾಭ ರಾಯರು, ಎಂದರೆ ನಾವು ಕೆ. ಪಿ. ರಾವ್ ಎಂದು ಬಲ್ಲವರು. ಮುಂಬಯಿಯಲ್ಲಿಯೂ ದುಡಿದ ಈ ವಿದ್ವಾಂಸರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಒತ್ತಿಗಾಗಿ ಜೋಡಿಸುವ ಕೀಲಿ ಒಂದು. ಉಳಿದ ಆಕಾರದ ಚಿಂತೆ ಯಂತ್ರದ್ದು. ಇದರಿಂದ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಇಡೀ ಕನ್ನಡವನ್ನು ಬರೆಯುವುದು ಸಾಧ್ಯವಾಯಿತು. ‘ನುಡಿ’ ತಂತ್ರಾಂಶವೂ ಈ ವಿನ್ಯಾಸವನ್ನೇ ಬಳಸಿಕೊಂಡಿತು. ಆದರೂ ಒಂದು ಮಿತಿ ಉಳಿಯಿತು: ಇದನ್ನು ಕಲಿಯುವವನಿಗೆ ರೋಮನ್ ಅಕ್ಷರಗಳ ಪರಿಚಯವಿರಬೇಕು. ಕುಂದಾಪುರದ ಅಜ್ಜಿ ಆ ಮಣೆಯ ಮುಂದೆ ಕುಳಿತು ಬರೆಯಲಾರಳು.

೪

ಕೈಯಿಂದಲೇ ಅಕ್ಷರವನ್ನು ಕೂಡಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲವೆಂಬುದಕ್ಕೆ ಒಂದು ಪ್ರಬಲ ಪ್ರಮಾಣವಿದೆ. ವಾತ್ಸ್ಯಾಯನನ ಕಾಮಸೂತ್ರವು ಎಣಿಸುವ ಅರವತ್ತನಾಲ್ಕು ಕಲೆಗಳಲ್ಲಿ ‘ಅಕ್ಷರಮುಷ್ಟಿಕಾಕಥನ’ ಒಂದು. ಅದರ ಜಯಮಂಗಲಾ ವ್ಯಾಖ್ಯಾನದಲ್ಲಿ ಯಶೋಧರನು ಈ ಕಲೆಯ ಒಂದು ಪ್ರಭೇದವನ್ನು ‘ಭೂತಮುದ್ರೆ’ ಎಂಬ ಹೆಸರಿನಿಂದ ವಿವರಿಸುತ್ತಾನೆ. ಅದರ ಸಾರಾಂಶ ಇಷ್ಟು: ವರ್ಣಮಾಲೆಯ ಏಳು ವರ್ಗಗಳಿಗೆ ಮುಷ್ಟಿ, ತ್ರಿಪತಾಕ ಮೊದಲಾದ ಏಳು ಹಸ್ತಮುದ್ರೆಗಳು, ವರ್ಗದೊಳಗಿನ ಅಕ್ಷರ ಯಾವುದೆಂಬುದನ್ನು ಬೆರಳುಗಳು ತಿಳಿಸುತ್ತವೆ, ಅದರ ಸ್ವರ ಯಾವುದೆಂಬುದನ್ನು ಬೆರಳಿನ ಗೆಣ್ಣುಗಳು. ಇವುಗಳ ಸಂಯೋಗದಿಂದ ಅಕ್ಷರ ಪೂರ್ಣವಾಗುತ್ತದೆ.

ಈ ಕಲೆ ಎಷ್ಟು ಜನರ ಬಳಕೆಯಲ್ಲಿತ್ತೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದರ ಹಿಂದಿನ ವಿಚಾರಸರಣಿ ಮುಖ್ಯ. ವರ್ಗ, ವರ್ಣ, ಸ್ವರ ಎಂಬ ಮೂರು ಮೆಟ್ಟಿಲುಗಳನ್ನು ಕೈಯ ಮೂರು ಗುಣಗಳಿಗೆ ಹಂಚಿದ ಈ ಯೋಜನೆ ಭಾರತೀಯ ಲಿಪಿಯ ಸ್ವಭಾವವನ್ನು ಚೆನ್ನಾಗಿ ಬಲ್ಲದ್ದು. ಕ ಮೊದಲಾಗಿ ಪ ವರೆಗಿನ ಐದು ವರ್ಗಗಳಲ್ಲಿ ಒಂದೊಂದಕ್ಕೂ ಐದೈದು ಅಕ್ಷರಗಳು, ಕೈಗೂ ಐದು ಬೆರಳು. ಇದನ್ನು ಆಕಸ್ಮಿಕವೆಂದರೂ ಸರಿಯೆ, ಅನುಕೂಲವಂತೂ ಹೌದು. ಮತ್ತೆ ಗೆಣ್ಣುಗಳ ಎಣಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಜಪ ಮಾಡುವವರು ಹೆಬ್ಬೆರಳಿನಿಂದ ಗೆಣ್ಣುಗಳನ್ನು ಮುಟ್ಟಿ ಎಣಿಸುತ್ತಾರೆ. ಹೆಂಗಸರು ಹಬ್ಬಕ್ಕೆ ಉಳಿದ ದಿನಗಳನ್ನು ಹಾಗೆಯೇ ಎಣಿಸುತ್ತಾರೆ. ಇದರಲ್ಲಿ ತೋಳನ್ನು ಎತ್ತಬೇಕಾಗಿಲ್ಲ. ಕೈಗೆ ಕೈಯೇ ಮಣೆ. ಇಂದಿನ ಯಂತ್ರಗಳು ಬಯಲಿನಲ್ಲಿ ಕಳೆದುಕೊಂಡ ಸ್ಪರ್ಶ ಇಲ್ಲಿ ಮೊದಲಿನಿಂದಲೇ ಇದೆ.

೫

ಹಳೆಯ ಈ ಸರಣಿಗೆ ಹತ್ತಿರವಾದ ಆಧುನಿಕ ರಚನೆಯೊಂದು ಮುಂಬಯಿಯಲ್ಲಿಯೇ ಆಗಿದೆಯೆಂಬುದು ಸಂತೋಷದ ಮಾತು. ಪವಾಯಿಯ ಅದೇ ವಿನ್ಯಾಸ ಕೇಂದ್ರದಲ್ಲಿ ಪ್ರಾಧ್ಯಾಪಕ ಅನಿರುದ್ಧ ಜೋಶಿಯವರೂ ಅವರ ಸಂಗಡಿಗರೂ ೨೦೧೩ರಲ್ಲಿ ಹೊರತಂದ ‘ಸ್ವರಚಕ್ರ’ವು ಫೋನಿನ ಗಾಜಿನ ಮೇಲೆ ಭಾರತೀಯ ಲಿಪಿಗಳನ್ನು ಬರೆಯುವ ಸಾಧನ. ಮರಾಠಿ, ಹಿಂದಿಗಳಂತೆ ಕನ್ನಡಕ್ಕೂ ಅದು ದೊರೆಯಿತು. ಇದು ಬಯಲ ಬರಹವಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಇದರ ಅರ್ಧ ಭಾಗ ಸನ್ನೆ; ಕನ್ನಡದ ಮುಂದಿನ ಬಯಲ ಬರಹ ಯಾವ ದಾರಿಯನ್ನು ಹಿಡಿಯಬೇಕೆಂಬುದನ್ನು ಇದರಿಂದ ತಿಳಿಯಬಹುದು.

ವ್ಯಂಜನಗಳು ಬಾಲಬೋಧೆಯ ಕ್ರಮದಲ್ಲಿಯೇ ವರ್ಗವರ್ಗವಾಗಿ ಕುಳಿತಿವೆ. ‘ಕ’ದ ಮೇಲೆ ಬೆರಳಿಟ್ಟೊಡನೆ ಅದರ ಸುತ್ತ ಒಂದು ಚಕ್ರ ಮೂಡುತ್ತದೆ, ಚಕ್ರದ ಪಾಲುಗಳಲ್ಲಿ ಕಾ, ಕಿ, ಕೀ ಮೊದಲಾದ ಕಾಗುಣಿತ ರೂಪಗಳು ಕಾಣುತ್ತವೆ. ಬೆರಳನ್ನು ಎತ್ತದೆ ಬೇಕಾದ ಕಡೆಗೆ ಸರಿಸಿ ಬಿಟ್ಟರೆ ಅಕ್ಷರವಾಯಿತು. ಅರ್ಧಾಕ್ಷರವನ್ನು ಚಕ್ರದಿಂದ ಆರಿಸಿ ಮುಂದಿನ ವ್ಯಂಜನವನ್ನು ಕೂಡಿಸಿದರೆ ಒತ್ತಕ್ಷರವಾಗುತ್ತದೆ. ಮುಟ್ಟುವುದು ವ್ಯಂಜನಕ್ಕೆ, ಸರಿಸುವುದು ಸ್ವರಕ್ಕೆ: ಈ ವಿಭಾಗವೇ ರಚನೆಯ ಸತ್ತ್ವ. ರೋಮನ್ ಲಿಪಿಯ ನೆರಳೂ ಇಲ್ಲಿ ಬಿದ್ದಿಲ್ಲ. ಶಾಲೆಯಲ್ಲಿ ಕಾಗುಣಿತವನ್ನು ಕಲಿತವನಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ. ಕಾಗುಣಿತವನ್ನು ಕಲಿಯದ ಮಗುವಿಗೆ ಈ ಚಕ್ರವೇ ಕಾಗುಣಿತವನ್ನು ಕಲಿಸುತ್ತದೆ. ಬರೆಯುವ ಸಾಧನವೇ ಅಕ್ಷರಮಾಲೆಯ ಪಾಠವಾಗುವುದು ಹೊರನಾಡಿನ ಮನೆಗೆ ಸಣ್ಣ ಲಾಭವಲ್ಲ.

ಗುಣವನ್ನು ಹೇಳಿದಂತೆ ಕೊರತೆಯನ್ನೂ ಹೇಳಬೇಕು. ಚಕ್ರವೆಂಬ ಕಲ್ಪನೆಗೆ ನಾಗರಿ ಲಿಪಿ ಹೆಚ್ಚು ಅನುಕೂಲ. ಮರಾಠಿಯ ಬಳಕೆಯಲ್ಲಿ ಹ್ರಸ್ವ ಎ, ಹ್ರಸ್ವ ಒ ಎಂಬ ಬೇರೆ ಚಿಹ್ನೆಗಳಿಲ್ಲ. ‘ಅ’ಕಾರವನ್ನು ಬಿಟ್ಟರೆ ಹತ್ತು ಸ್ವರಚಿಹ್ನೆಗಳು ಸಾಕು. ಸುತ್ತಲಿನ ೩೬೦ ಡಿಗ್ರಿಗಳನ್ನು ಹತ್ತಾಗಿ ಹಂಚಿದರೆ ಒಂದೊಂದಕ್ಕೆ ೩೬ ಡಿಗ್ರಿ. ಕನ್ನಡಕ್ಕೆ ‘ಕೆ–ಕೇ’ಗಳೂ ಬೇರೆ, ‘ಕೊ–ಕೋ’ಗಳೂ ಬೇರೆ, ಹನ್ನೆರಡು ಚಿಹ್ನೆಗಳಾಗಿ ಒಂದೊಂದರ ಪಾಲು ೩೦ ಡಿಗ್ರಿಗೆ ಇಳಿಯುತ್ತದೆ. ಗಾಜಿನ ಮೇಲೆ ಕಣ್ಣು ಬೆರಳಿಗೆ ನೆರವಾಗುತ್ತದೆ. ಬಯಲಿನಲ್ಲಿ, ಅದರಲ್ಲೂ ನಡುಗುವ ಕೈಗೆ, ೩೦ ಡಿಗ್ರಿಗಳ ಕಿಂಡಿಯಲ್ಲಿ ತೂರುವುದು ಸುಲಭವಲ್ಲ.

ಈ ಇಕ್ಕಟ್ಟಿಗೆ ಪರಿಹಾರ ನಮ್ಮ ಛಂದಸ್ಸಿನಲ್ಲಿಯೇ ಇದೆಯೆಂದು ನನ್ನ ತಿಳಿವಳಿಕೆ. ಹ್ರಸ್ವ–ದೀರ್ಘಗಳ ಭೇದ ದಿಕ್ಕಿನ ಭೇದವಲ್ಲ, ಕಾಲದ ಭೇದ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಮಾತ್ರೆಯೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಬಲ್ಲ. ಇ–ಈ, ಉ–ಊ, ಎ–ಏ, ಒ–ಓ ಈ ಜೋಡಿಗಳಿಗೆ ಒಂದೊಂದೇ ದಿಕ್ಕನ್ನು ಕೊಟ್ಟು, ಕೈಯನ್ನು ಅಲ್ಲಿ ಕ್ಷಣಕಾಲ ನಿಲ್ಲಿಸಿದರೆ ದೀರ್ಘವೆಂದು ನಿಯಮ ಮಾಡಿದರೆ ನಾಲ್ಕು ದಿಕ್ಕುಗಳು ಸಾಕು. ಋ, ಐ, ಔಗಳಿಗೆ ಇನ್ನು ಮೂರು. ಕೈ ಕದಲದಿದ್ದರೆ ಅಕಾರ, ಕದಲದೆ ತಡೆದು ನಿಂತರೆ ಆಕಾರ. ಹೀಗೆ ಏಳೇ ದಿಕ್ಕುಗಳಲ್ಲಿ ಎಲ್ಲ ಸ್ವರಗಳೂ ಅಡಗುತ್ತವೆ. ಒಂದೊಂದರ ಪಾಲು ೫೧ ಡಿಗ್ರಿಗೂ ಮೇಲೆ ಹೋಗುತ್ತದೆ. ತಡೆದು ನಿಲ್ಲುವುದರಿಂದ ವೇಗ ಸ್ವಲ್ಪ ಕುಂದೀತೆಂಬ ಆಕ್ಷೇಪ ಬರಬಹುದು, ಬರಲಿ. ದೀರ್ಘವನ್ನು ದೀರ್ಘವಾಗಿ ಬರೆಯುವ ಕೈಗೆ ನಾಲಗೆಯ ಅಭ್ಯಾಸವೇ ಗುರುವಾಗುತ್ತದೆಂಬ ಲಾಭ ಅದಕ್ಕಿಂತ ಹೆಚ್ಚಿನದು. ಇದು ಪ್ರಯೋಗದಿಂದ ಸಿದ್ಧವಾದ ಸಿದ್ಧಾಂತವಲ್ಲ, ಪ್ರಯೋಗಕ್ಕೆ ಅರ್ಹವಾದ ಸೂಚನೆ ಮಾತ್ರ.

೬

ಇಲ್ಲಿ ವೇಗದ ಅಳತೆಯನ್ನು ಕುರಿತು ಒಂದು ಮಾತು ಹೇಳಬೇಕು. ಮೇಲೆ ಕೊಟ್ಟ ೨೦.೬, ೨೦.೯ ಎಂಬ ಸಂಖ್ಯೆಗಳನ್ನು ಕೇಳಿ ನಾವು ಬೆರಗಾಗಬೇಕಿಲ್ಲ. ಬೆರಳಚ್ಚಿನ ಲೆಕ್ಕದಲ್ಲಿ ‘ಒಂದು ಪದ’ವೆಂದರೆ, ನಡುವಣ ತೆರಪನ್ನೂ ಸೇರಿಸಿ, ರೂಢಿಯಾಗಿ ಐದು ಅಕ್ಷರಗಳು. ಇದು ಇಂಗ್ಲಿಷಿಗೆ ಒಪ್ಪುವ ಮಾನ. ಕನ್ನಡದ ‘ಹೋಗಬೇಕಾಗಿದ್ದವರಿಗೆ’ ಎಂಬುದು ಒಂದೇ ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಆರೇಳು ಪದಗಳು ಬೇಕಾದಾವು. ಅಕ್ಷರಗಳನ್ನು ಎಣಿಸೋಣವೆಂದರೆ, ನಾವು ಒಂದೆಂದು ಎಣಿಸುವ ‘ಸ್ತ್ರೀ’ಯನ್ನು ಗಣಕಯಂತ್ರವು ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಮೂರು ವ್ಯಂಜನ, ಅವನ್ನು ಜೋಡಿಸುವ ಎರಡು ವಿರಾಮಚಿಹ್ನೆ, ಒಂದು ಸ್ವರ. ಆದಕಾರಣ ಕನ್ನಡದ ಬರಹವನ್ನು ಅಳೆಯುವವರು ಮೊದಲು ಕನ್ನಡದ ಮಾನವನ್ನು ನಿಶ್ಚಯಿಸಿಕೊಳ್ಳಬೇಕು. ತಪ್ಪು ತಕ್ಕಡಿಯಲ್ಲಿ ತೂಗಿ ನಮ್ಮ ಲಿಪಿ ಭಾರವೆಂದು ತೀರ್ಮಾನಿಸಿದ ಅನುಭವ ಬೆರಳಚ್ಚುಯಂತ್ರದ ಕಾಲದಲ್ಲಿಯೇ ನಮಗೆ ಆಗಿದೆ. ಅಂದು ಯಂತ್ರಕ್ಕೆ ಒಗ್ಗುವಂತೆ ಲಿಪಿಯನ್ನು ಕತ್ತರಿಸಬೇಕೆಂಬ ಸಲಹೆಗಳು ಬಂದವು; ಕೊನೆಗೆ ಯಂತ್ರವೇ ಲಿಪಿಗೆ ಒಗ್ಗಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬಾಯಿಂದ ಹೇಳಿದರೆ ಯಂತ್ರವೇ ಬರೆದುಕೊಳ್ಳುವ ಈ ಕಾಲದಲ್ಲಿ ಕೈಗೇಕೆ ಈ ಶ್ರಮವೆಂದು ಕೇಳುವವರಿದ್ದಾರೆ. ಉಕ್ತಲೇಖನದಿಂದ ಉಪಕಾರವಾಗುತ್ತದೆ, ಕಣ್ಣು ಮಂದವಾದವರಿಗೂ ಅಕ್ಷರ ಬಾರದವರಿಗೂ ಅದು ದೊಡ್ಡ ವರ. ಆದರೆ ಎಲ್ಲವನ್ನೂ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲಾಗುವುದಿಲ್ಲ. ತುಂಬಿದ ಗಾಡಿಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಮನೆಯ ಗುಟ್ಟನ್ನು ಯಂತ್ರಕ್ಕೆ ಕೂಗಿ ಹೇಳುವವರುಂಟೆ? ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬಾಯಿಂದ ಹೇಳಿ ಬರೆಸಿದವನು ಭಾಷೆಯನ್ನು ಬಳಸಿದನೇ ಹೊರತು ಲಿಪಿಯನ್ನು ಬಳಸಲಿಲ್ಲ. ‘ಹಳ್ಳಿ’ಯಲ್ಲಿ ‘ಳ’ಕಾರವೋ ‘ಲ’ಕಾರವೋ ಎಂದು ನಿರ್ಧರಿಸುವ ಹೊಣೆ ಅವನ ಮೇಲೆ ಬೀಳುವುದಿಲ್ಲ. ಯಂತ್ರ ಬರೆದುದು ಸರಿಯೋ ತಪ್ಪೋ ಎಂದು ನೋಡಿ ತಿದ್ದುವ ಶಕ್ತಿಯೂ ಕ್ರಮೇಣ ಅವನಲ್ಲಿ ಉಳಿಯುವುದಿಲ್ಲ. ಅಕ್ಷರವನ್ನು ಕೂಡಿಸಿದ ಕೈಗೆ ಮಾತ್ರ ಅಕ್ಷರವನ್ನು ಬಿಡಿಸುವ ಕಣ್ಣು ದೊರೆಯುತ್ತದೆ. ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು.

ಈ ವಿವೇಚನೆಯಿಂದ ಕನ್ನಡದ ಬಯಲ ಬರಹಕ್ಕೆ ಮೂರು ಪರೀಕ್ಷೆಗಳು ಹೊರಡುತ್ತವೆ. ಅದು ಅಕ್ಷರವನ್ನು, ಎಂದರೆ ವ್ಯಂಜನ–ಸ್ವರ–ಒತ್ತುಗಳ ಕೂಟವನ್ನು, ತನ್ನ ಘಟಕವಾಗಿ ಹಿಡಿಯುತ್ತದೆಯೆ? ಸನ್ನೆಯ ಆದಿ ಅಂತ್ಯಗಳು ಕೈಗೆ ಮುಟ್ಟಿ ತಿಳಿಯುವಂತೆಯೂ ತೋಳಿಗೆ ವಿಶ್ರಾಂತಿಯಿರುವಂತೆಯೂ ಇದೆಯೆ? ರೋಮನ್ ಲಿಪಿಯನ್ನು ಅರಿಯದವನೂ ಅದನ್ನು ಬಳಸಬಲ್ಲನೆ? ತೇಲುವ ಇಂಗ್ಲಿಷ್ ಕೀಲಿಮಣೆ ಈ ಮೂರರಲ್ಲಿಯೂ ಸೋಲುತ್ತದೆ. ಮಣಿಕಟ್ಟಿನ ಪಟ್ಟಿ ಎರಡನೆಯದರಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ: ಬರೆಯುವ ಕೈ ತೊಡೆಯ ಮೇಲೆ ಇರಬಹುದು, ಬೆರಳು ಬೆರಳನ್ನು ಮುಟ್ಟಬಹುದು. ಸ್ವರಚಕ್ರವು ಮೊದಲನೆಯದರಲ್ಲಿಯೂ ಮೂರನೆಯದರಲ್ಲಿಯೂ ಗೆದ್ದಿದೆ. ಪವಾಯಿಯ ಚಕ್ರವನ್ನೂ ಮಣಿಕಟ್ಟಿನ ಪಟ್ಟಿಯನ್ನೂ ಯಶೋಧರನ ಗೆಣ್ಣುಗಳ ಮೇಲೆ ಕೂಡಿಸಿದರೆ ನಮಗೆ ಬೇಕಾದುದು ದೊರೆಯುತ್ತದೆ. ಹೆಬ್ಬೆರಳು ಮುಟ್ಟಿದ ಗೆಣ್ಣು ವ್ಯಂಜನವನ್ನು ಹೇಳಲಿ, ಕೈ ಸರಿದ ದಿಕ್ಕು ಸ್ವರವನ್ನು ಹೇಳಲಿ, ನಿಂತ ಕಾಲ ದೀರ್ಘವನ್ನು ಹೇಳಲಿ.

ಇದನ್ನು ಯಾರು ಮಾಡಬೇಕು? ಯಂತ್ರವನ್ನು ಕಟ್ಟುವವರು ಇಂಗ್ಲಿಷಿನಿಂದ ಆರಂಭಿಸುವುದು ಸಹಜ. ಅವರ ಮೇಲೆ ಮುನಿದು ಫಲವಿಲ್ಲ. ಕನ್ನಡದ ವ್ಯಾಕರಣ ಛಂದಸ್ಸುಗಳನ್ನು ಬಲ್ಲವರು ವಿನ್ಯಾಸಕಾರರ ಬಳಿಗೆ ಹೋಗಬೇಕು. ಮುಂಬಯಿಯಲ್ಲಿ ಇದಕ್ಕೆ ಬೇಕಾದುದೆಲ್ಲ ಇದೆ: ಪವಾಯಿಯಲ್ಲಿ ವಿನ್ಯಾಸದ ವಿದ್ಯೆ, ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ, ಉಪನಗರಗಳ ಸಂಘಗಳಲ್ಲಿ ಕನ್ನಡವನ್ನು ಆಡಬಲ್ಲ ಆದರೆ ಬರೆಯಲಾರದ ಮಕ್ಕಳು. ಈ ಮೂರೂ ಒಂದು ಮೇಜಿನ ಸುತ್ತ ಸೇರಿದರೆ ಪ್ರಯೋಗಕ್ಕೆ ತೊಡಗಬಹುದು.

ನನ್ನ ಸೋದರಳಿಯನ ಫೋನಿನಲ್ಲಿ ಕಳೆದ ದೀಪಾವಳಿಯಂದು ವರ್ಣಮಾಲೆಯ ಕ್ರಮದ ಕನ್ನಡ ಕೀಲಿಮಣೆಯನ್ನು ಹಾಕಿಕೊಟ್ಟೆ. ‘ಳ’ ಎಲ್ಲಿದೆಯೆಂದು ಹುಡುಕಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು. ಹಕಾರದ ಅನಂತರವೆಂದು ಹೇಳಲು, ವರ್ಣಮಾಲೆಯನ್ನು ಬಾಯಲ್ಲಿ ಹೇಳಿಕೊಂಡು ಬೆರಳನ್ನು ಅಲ್ಲಿಗೆ ತಂದ. ಅಂದು ಬರೆದ ಸಾಲು ಚಿಕ್ಕದು, ಅದರಲ್ಲಿ ಎರಡು ತಪ್ಪುಗಳೂ ಇದ್ದವು. ಅಜ್ಜಿ ನೆರೆಮನೆಯ ಹುಡುಗನನ್ನು ಕರೆಯಲಿಲ್ಲ. ಕನ್ನಡಕ ಹಾಕಿಕೊಂಡು ತಾನೇ ಓದಿದಳು. ತಪ್ಪುಗಳನ್ನು ಫೋನಿನಲ್ಲಿ ತಿದ್ದಿದಳು.